ಕೆಂಪು ಔಷಧ ಕಲಸುತ್ತಿದ್ದ ದಿನಗಳು

ನಿಪ್ಪಾಣಿಯ ಆ ಆಸ್ಪತ್ರೆಗೆ ನಾನು ನರ್ಸಾಗಿ ಸೇರಿದಾಗ ಎಂಬತ್ತರ ದಶಕ ಅರ್ಧ ದಾಟಿತ್ತು. ಇಪ್ಪತ್ತು ಹಾಸಿಗೆಯ ಖಾಸಗಿ ಆಸ್ಪತ್ರೆ ಅದು. ಕೆಳಗೆ ಡಾಕ್ಟರ ಕೋಣೆ, ಮೇಲೆ ವಾರ್ಡು, ಹಿತ್ತಲಲ್ಲಿ ಬಾವಿ ಮತ್ತು ಬಟ್ಟೆ ಒಗೆಯುವ ಕಲ್ಲು. ಕೃಷ್ಣೆಯ ದಂಡೆಯ ಜುಗೂಳದಲ್ಲಿ ಹುಟ್ಟಿ, ಮಿರಜದಲ್ಲಿ ನರ್ಸಿಂಗ್ ಕಲಿತ ನನಗೆ ಮೊದಲ ಕೆಲವು ತಿಂಗಳು ಆ ಊರಿನ ಗಾಳಿಯೇ ಹಿಡಿಸಲಿಲ್ಲ. ಎತ್ತ ಹೋದರೂ ತಂಬಾಕು ತುಂಬಿಟ್ಟ ವಖಾರಿಗಳ ಘಾಟು. ಸೀನಿ ಸೀನಿ ಕಣ್ಣಲ್ಲಿ ನೀರು ಬರುತ್ತಿತ್ತು. ಅದೇ ವಾಸನೆ ಈಗ ಎಲ್ಲಾದರೂ ಬಂದರೆ ಒಂದು ಕ್ಷಣ ನಿಲ್ಲುತ್ತೇನೆ. ಸಿರಿಂಜು ಕುದಿಯುವ ಪಾತ್ರೆಯ ಹಬೆ, ಸ್ಪಿರಿಟ್ಟಿನ ತಂಪು, ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಹಂಚಿಕೊಂಡು ತಿನ್ನುತ್ತಿದ್ದ ರೊಟ್ಟಿ, ಶೇಂಗಾ ಚಟ್ನಿ, ಎಲ್ಲ ಒಟ್ಟಿಗೇ ಬಂದುಬಿಡುತ್ತವೆ.

ನನ್ನ ಗಂಡ ಕೊಗನೊಳ್ಳಿಯ ಶಾಲೆಯಲ್ಲಿ ಮಾಸ್ತರರು. ಬೆಳಿಗ್ಗೆ ಅವರು ಬಸ್ಸು ಹತ್ತಿದ ಮೇಲೆ ನಾನು ಆಸ್ಪತ್ರೆಗೆ ನಡೆದು ಹೋಗುತ್ತಿದ್ದೆ. ಗೇಟಿನಲ್ಲೇ ನನಗಾಗಿ ಕಾಯುತ್ತಿದ್ದವರು ಮಾವಶಿ. ನಮ್ಮ ಗಡಿ ಭಾಗದ ಆಸ್ಪತ್ರೆಗಳಲ್ಲಿ ಆಯಾಗಳನ್ನೆಲ್ಲ ಹಾಗೇ ಕರೆಯುವುದು. ಈ ಮಾವಶಿಗೆ ಆಗ ನಲವತ್ತೈದರ ಮೇಲಾಗಿತ್ತು. ಅಥಣಿ ತಾಲ್ಲೂಕಿನ ಕೊಕಟನೂರಿನವರು, ಕುರಿ ಕಾಯುವ ಮನೆತನ. ಗಂಡ ತೀರಿದ ಮೇಲೆ ಕೆಲ ವರ್ಷ ಅಲ್ಲಿಯ ದ್ರಾಕ್ಷಿ ತೋಟಗಳಲ್ಲಿ ದಿನಗೂಲಿ ಮಾಡಿ, ಆಮೇಲೆ ಮಗಳ ಮನೆ ಇರುವ ನಿಪ್ಪಾಣಿಗೆ ಬಂದಿದ್ದರು. ಓದು ಬರಹ ಬಾರದು. ಆದರೆ ವಾರ್ಡಿನಲ್ಲಿ ಯಾರಿಗೆ ಜ್ವರ ಏರಿದೆ ಎಂಬುದು ಥರ್ಮಾಮೀಟರಿಗಿಂತ ಮೊದಲು ಅವರ ಅಂಗೈಗೆ ತಿಳಿಯುತ್ತಿತ್ತು.

ನಮ್ಮ ಡಾಕ್ಟರು ಮುಂಬೈಯಲ್ಲಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಕಲಿತು ಬಂದವರು. ತಂಬಾಕಿನ ಊರು, ಬಾಯಿ ಹುಣ್ಣಿನವರು ಬಹಳ. ಎದೆಯಲ್ಲಿ ಗಡ್ಡೆಯಾದ ಹೆಣ್ಣುಮಕ್ಕಳೂ ಬರತೊಡಗಿದ್ದರು. ಆಪರೇಷನ್ ಆದ ಮೇಲೆ ಮೂರು ವಾರಕ್ಕೊಮ್ಮೆ ಇಂಜೆಕ್ಷನ್ ಬೇಕು. ಪ್ರತಿ ಸಲ ಮುಂಬೈಗೆ ಹೋಗುವ ಶಕ್ತಿ ಯಾರಿಗಿತ್ತು? ಔಷಧ ತರಿಸಿಕೊಂಡು ನಮ್ಮಲ್ಲೇ ಹಾಕುವ ಏರ್ಪಾಡು ಶುರುವಾಯಿತು. ಕಲಸುವ ಕೆಲಸ ನನ್ನದು.

ಅದರ ರೀತಿ ಹೀಗಿತ್ತು. ಸಣ್ಣ ಗಾಜಿನ ಬಾಟಲಿಯಲ್ಲಿ ಔಷಧ ಪುಡಿಯಾಗಿ ಬರುತ್ತಿತ್ತು. ರಬ್ಬರ್ ಮುಚ್ಚಳದ ಮೂಲಕ ಸೂಜಿ ಚುಚ್ಚಿ ನೀರು ಬಿಟ್ಟು, ಅಲುಗಾಡಿಸಿ ಕರಗಿಸಿ, ಮತ್ತೆ ಸಿರಿಂಜಿಗೆ ಎಳೆದುಕೊಳ್ಳಬೇಕು. ನೀರು ಒಳಹೊಕ್ಕಂತೆ ಬಾಟಲಿಯೊಳಗಿನ ಗಾಳಿ ಬಿಗಿಯಾಗುತ್ತದೆ. ಸೂಜಿ ಹೊರಗೆ ಬರುವಾಗ ‘ಚುಸ್’ ಎಂದು ಹನಿ ಸಿಡಿಯುತ್ತದೆ. ಒಂದು ಔಷಧ ದಾಳಿಂಬೆ ರಸದಂತೆ ಕೆಂಪು, ಇನ್ನೊಂದು ಹಳದಿ, ಉಳಿದವು ನೀರಿನಂತೆ. ನಾನು ಮೇಲಿನ ಪಡಸಾಲೆಯ ಮೇಜಿನ ಮುಂದೆ, ಫ್ಯಾನಿನ ಕೆಳಗೆ, ಬರಿಗೈಯಲ್ಲಿ ಕಲಸುತ್ತಿದ್ದೆ. ಎದುರಿಗೆ ಮಾವಶಿ ಟ್ರೇ ಹಿಡಿದು ನಿಲ್ಲುತ್ತಿದ್ದರು. ಬೆರಳಿಗೆ ಹತ್ತಿದ್ದನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದರೆ ಮುಗಿಯಿತು. ಗಾಜಿನ ಸಿರಿಂಜುಗಳನ್ನು ಮಾವಶಿ ತೊಳೆದು ಕುದಿಯಲು ಇಡುತ್ತಿದ್ದರು. ಖಾಲಿ ಬಾಟಲಿಗಳು ಮುದ್ದಾಗಿರುತ್ತಿದ್ದವು. ಅವನ್ನು ಮಾವಶಿ ಮನೆಗೆ ಒಯ್ದು ಕುಂಕುಮ, ಸಾಸಿವೆ ಹಾಕಿಡುತ್ತಿದ್ದರು. ನನ್ನ ಮನೆಯ ದೇವರ ಗೂಡಿನಲ್ಲೂ ಒಂದಿತ್ತು, ಬತ್ತಿಯ ಎಣ್ಣೆಗೆ.

ಮಿರಜದಲ್ಲಿ ನಮಗೆ ರೋಗಿಯನ್ನು ಕಾಪಾಡುವುದನ್ನು ಎಷ್ಟೋ ಬಗೆಯಲ್ಲಿ ಕಲಿಸಿದ್ದರು. ಔಷಧದಿಂದ ನಮ್ಮನ್ನು ನಾವು ಕಾಪಾಡಿಕೊಳ್ಳಬೇಕೆಂದು ಆಗ ಯಾರೂ ಹೇಳಿರಲಿಲ್ಲ. ಇಂಜೆಕ್ಷನ್ನಿನ ದಿನ ಸಂಜೆ ನನಗೆ ತಲೆ ಭಾರವಾಗುತ್ತಿತ್ತು. ನಾಲಿಗೆಯ ಮೇಲೆ ಕಬ್ಬಿಣದ ರುಚಿ. ಬಿಸಿಲಿಗೆ ಹೀಗಾಗುತ್ತದೆ ಎಂದುಕೊಳ್ಳುತ್ತಿದ್ದೆ.

ಮದುವೆಯಾದ ಎರಡನೇ ವರ್ಷ ಬಸಿರಾದೆ. ಮೂರು ತಿಂಗಳು ತುಂಬುವ ಮೊದಲೇ ಅದು ಇಳಿದುಹೋಯಿತು. ಮನೆಯಲ್ಲಿ ಮಲಗಿದ್ದ ಆ ವಾರ ಮಾವಶಿ ದಿನವೂ ಕೆಲಸ ಮುಗಿಸಿ ಬರುತ್ತಿದ್ದರು. ಬಾಣಂತಿಯರಿಗೆ ಕೊಡುವ ಅಳವಿ ಬೀಜ ಹಾಕಿ ಕುದಿಸಿದ ಹಾಲು ತರುತ್ತಿದ್ದರು. ನಾನು ಕುಡಿಯುವವರೆಗೂ ಲೋಟದ ಮೇಲಿನ ಕಣ್ಣು ತೆಗೆಯುತ್ತಿರಲಿಲ್ಲ. ಮೂರನೆಯ ದಿನವೋ ನಾಲ್ಕನೆಯ ದಿನವೋ, ಸೆರಗು ಸರಿಮಾಡಿಕೊಂಡು ಹೇಳಿದರು:

“ಒಂದ ಮಾತ ಕೇಳತೀನಿ ಸಿಸ್ಟರ್, ಸಿಟ್ಟ ಆಗಬ್ಯಾಡ್ರಿ. ಆ ಕೆಂಪ ಔಷಧ ಕಲಸೂ ಮುಂದ ನೀವ ಫ್ಯಾನ್ ಬುಡಕ ಯಾಕ ನಿಂದರತೀರಿ?”

“ಸೆಕಿ ಆಗತೈತಿ ಮಾವಶಿ, ಅದಕ್ಕ.”

“ತ್ವಾಟದಾಗ ಗಂಧಕದ ಪುಡಿ ಹೊಡಿಯೂ ಮುಂದ ಗಾಳಿ ಯಾ ಕಡಿ ಐತಿ ಅಂತ ಮದಲ ನೋಡತಿದ್ವಿ. ಗಾಳಿಗೆ ಬೆನ್ನ ಕೊಟ್ಟ ಹೊಡಿಯೂದು. ಎದುರ ನಿಂತ್ರ ಎಲ್ಲಾ ನಮ್ಮ ಮಾರಿಗೇ ಬರತೈತಿ. ಗಂಧಕ ಬಳ್ಳಿಗೆ ಛಲೋ, ಮನಷ್ಯಾರಿಗೆ ಅಲ್ಲ.”

“ಇದು ಗಂಧಕ ಅಲ್ಲ, ಔಷಧ.”

“ಹೌದ್ರಿ, ಔಷಧನ. ಅಥಣಿ ಅಕ್ಕಾರ ಕೂದಲಾ ಒಂದ ಉಳೀದಂಗ ಉದರಸೇತಿ. ನಮ್ಮನ್ನ ಯಾಕ ಬಿಟ್ಟೀತು?”

ಅಥಣಿ ಅಕ್ಕ ಎಂದರೆ ಆಗ ನಮ್ಮಲ್ಲಿ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದ ಒಬ್ಬ ಹೆಣ್ಣುಮಗಳು. ಅಥಣಿ ಕಡೆ ದ್ರಾಕ್ಷಿ, ಕಬ್ಬು ಬೆಳೆಯುವ ದೊಡ್ಡ ಒಕ್ಕಲುತನದ ಮನೆ. ನಿಪ್ಪಾಣಿಯಲ್ಲಿ ತಂಗಿಯ ಮನೆ ಇದ್ದುದರಿಂದ ಇಲ್ಲಿಗೇ ಬರುತ್ತಿದ್ದರು. ಕೂದಲು ಉದುರಿದ ತಲೆಗೆ ಇಳಕಲ್ ಸೀರೆಯ ಸೆರಗನ್ನು ಬಿಗಿಯಾಗಿ ಹೊದ್ದು, ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು.

ಮಾವಶಿಯ ಮಾತು ನನಗೆ ಚುಚ್ಚಿತು. ಓದು ಬಾರದವರು ನನಗೆ ಹೇಳುವುದೇ ಎಂಬ ಬಿಗುಮಾನವೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಆದರೆ ಅವರು ಹೋದ ಮೇಲೆ ಆ ಮಾತು ಹೋಗಲಿಲ್ಲ. ಮಿರಜದಲ್ಲಿ ನನ್ನ ಜೊತೆ ಕಲಿತ ಗೆಳತಿಯೊಬ್ಬಳು ಮುಂಬೈಯ ದೊಡ್ಡ ಆಸ್ಪತ್ರೆಯಲ್ಲಿದ್ದಳು. ಅವಳಿಗೆ ಪತ್ರ ಬರೆದೆ. ಎರಡು ವಾರಕ್ಕೆ ಉತ್ತರ ಬಂತು, ಇನ್‌ಲ್ಯಾಂಡ್ ಪತ್ರದ ಮಡಿಕೆಯ ಮೇಲೂ ಬರೆದಿದ್ದಳು. ಅಲ್ಲಿಯೂ ಇತ್ತೀಚೆಗಷ್ಟೇ ಎಚ್ಚರ ವಹಿಸತೊಡಗಿದ್ದಾರೆ, ಕೈಗವಸು, ಉದ್ದ ತೋಳಿನ ಗೌನು ಹಾಕಿಕೊಂಡೇ ಕಲಸಬೇಕು, ಬಸುರಿಯರಿಗೂ ಮೊಲೆಯೂಡಿಸುವವರಿಗೂ ಆ ಕೆಲಸ ಕೊಡುವುದಿಲ್ಲ, ರೋಗಿಯ ಮೂತ್ರದಲ್ಲೂ ಎರಡು ದಿನ ಔಷಧ ಇರುತ್ತದೆ ಎಂದೆಲ್ಲ ವಿವರಿಸಿದ್ದಳು. ‘ಬರಿಗೈಯಲ್ಲಿ ಮುಟ್ಟಬೇಡ’ ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದಳು.

ಪತ್ರವನ್ನು ಡಾಕ್ಟರ ಮುಂದಿಟ್ಟು, ಫ್ಯಾನಿನ ಕೆಳಗೆ ಕಲಸುವುದೂ ತಪ್ಪಂತೆ ಎಂದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

“ಫ್ಯಾನಿಂದು ಎಲ್ಲಿ ಬರದಾಳ್ರಿ ನಿಮ್ಮ ಗೆಳತಿ?”

“ಇಲ್ರಿ. ಅದನ್ನ ಮಾವಶಿ ಹೇಳಿದ್ರು.”

ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಆಗ ಬಹಳ ದಿನದಿಂದ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆ ಹೊರಬಂತು.

“ನಂದು ಇದರಿಂದನ ಆತೇನ್ರಿ ಸರ್?”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಗೊತ್ತಿಲ್ಲ ಸಿಸ್ಟರ್. ಆಗಿರಬಹುದು, ಆಗಿರಲಿಕ್ಕಿಲ್ಲ. ಸುಳ್ಳ ಸಮಾಧಾನ ಹೇಳಾಕ ನನಗ ಬರೂದಿಲ್ಲ. ಆದ್ರ ಗೊತ್ತಿಲ್ಲ ಅಂದಮ್ಯಾಲ ಹುಷಾರಾಗಿ ಇರಬೇಕಾಗಿತ್ತು. ಅದು ನನ್ನ ತಪ್ಪ.”

ಇಂದಿಗೂ ಅದಕ್ಕಿಂತ ಹೆಚ್ಚಿನ ಉತ್ತರ ನನಗೆ ಸಿಕ್ಕಿಲ್ಲ. ತಪ್ಪು ನನ್ನದು ಎಂದು ಒಬ್ಬ ಡಾಕ್ಟರು ನರ್ಸಿನ ಮುಂದೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಳು ಬಂತು. ಅವರು ಕಿಟಕಿಯ ಕಡೆ ನೋಡುತ್ತ ಕೂತರು.

ಮರುದಿನ ಮಧ್ಯಾಹ್ನ ರೋಗಿಗಳು ಕಡಿಮೆಯಾದ ಮೇಲೆ ಡಾಕ್ಟರು ಮೇಲೆ ಬಂದರು. ಕೈಯಲ್ಲಿ ನೀಲಿ ಶಾಯಿಯ ಬಾಟಲಿ. ಮೇಜಿನ ಮೇಲೆ ಬಿಳಿಯ ಹಾಸು ಹಾಸಿಸಿದರು. ನನಗೂ ಮಾವಶಿಗೂ ಹಳೆಯ ಬಿಳಿ ಬಟ್ಟೆ ಹೊದಿಸಿದರು. ತೊಳೆದಿಟ್ಟ ಖಾಲಿ ಔಷಧದ ಬಾಟಲಿಯೊಂದನ್ನು ಕೊಟ್ಟು, “ನೀರ ಬದಲಿ ಶಾಯಿ ನೀರ ಹಾಕ್ರಿ. ದಿನಾ ಹೆಂಗ ಕಲಸತೀರಿ ಹಂಗ ಕಲಸ್ರಿ. ಮಾವಶಿ, ನೀವೂ ದಿನಾ ನಿಂದರೂ ಜಾಗಾದಾಗ ನಿಂದರ್ರಿ,” ಎಂದರು. ಫ್ಯಾನನ್ನೂ ಹಾಕಿಸಿದರು.

ನಾನು ಎಂದಿನಂತೆ ಕಲಸಿದೆ. ಸೂಜಿ ಎಳೆದೆ. ಚುಸ್ ಎಂದಿತು. ನನ್ನ ದೃಷ್ಟಿಗೆ ಏನೂ ಬೀಳಲಿಲ್ಲ. ಆಮೇಲೆ ಡಾಕ್ಟರು ಬಟ್ಟೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಾಸಿನ ಮೇಲೆ ಗಸಗಸೆ ಚೆಲ್ಲಿದಂತೆ ನೀಲಿ ಚುಕ್ಕಿ. ನನ್ನ ತೋಳಿನ ಮೇಲೂ ಇದ್ದವು. ಅದಕ್ಕಿಂತ ಹೆಚ್ಚು ಮಾವಶಿಯ ಬಟ್ಟೆಯ ಮೇಲೆ. ಅವರ ಗದ್ದದ ಮೇಲೂ ಒಂದು.

ಕಾರಣ ನನಗೆ ತಕ್ಷಣ ಹೊಳೆಯಿತು. ಸೂಜಿಯನ್ನು ನನ್ನಿಂದ ಆಚೆಗೆ ತಿರುಗಿಸಿ ಎಳೆಯುವುದು ನನ್ನ ರೂಢಿ. ಆಚೆಗೆ ಎಂದರೆ ಟ್ರೇ ಹಿಡಿದು ನಿಂತ ಅವರ ಕಡೆಗೆ. ಎರಡು ವರ್ಷ ಹಾಗೇ ಮಾಡಿದ್ದೆ. ಅಷ್ಟು ದಿನ ನಾನು ನನ್ನ ಹೊಟ್ಟೆಯ ಬಗ್ಗೆ ಮಾತ್ರ ಯೋಚಿಸಿದ್ದೆ. ಸಿರಿಂಜು ತೊಳೆದವರು, ವಾಂತಿಯ ಬೋಗುಣಿ ಎತ್ತಿದವರು, ಕೆಂಪಗಾದ ಮೂತ್ರದ ಪಾತ್ರೆ ಚೆಲ್ಲಿದವರು, ಹಾಸು ಒಗೆದವರು ಅವರು. ಅವರ ಕೈಗಳನ್ನು ಒಂದು ದಿನವೂ ನೋಡಿರಲಿಲ್ಲ.

“ಮಾವಶಿ…” ಎಂದೆ. ಸ್ಪಿರಿಟ್ಟಿನ ಹತ್ತಿಯನ್ನು ಅವರ ಮುಂದೆ ಹಿಡಿದೆ.

ಅವರು ಗದ್ದ ಒರೆಸಿಕೊಂಡು, “ಶಾಯಿ ಐತಿ, ತೊಳದ್ರ ಹೋಗತೈತಿ,” ಎಂದರು. ಅಷ್ಟೇ.

ಒಂದು ವಾರ ದಿನವೂ ಶಾಯಿಯಲ್ಲಿ ಅಭ್ಯಾಸ ಮಾಡಿದೆವು. ನೀರು ಬಿಡುವ ಮೊದಲು ಬಾಟಲಿಯಿಂದ ಒಂದಿಷ್ಟು ಗಾಳಿ ಎಳೆದುಕೊಂಡರೆ ಒಳಗೆ ಬಿಗಿಯಾಗುವುದಿಲ್ಲ ಎಂದು ಡಾಕ್ಟರು ತೋರಿಸಿದರು. ಸೂಜಿ ಹೊರಬರುವ ಕಡೆ ಸ್ಪಿರಿಟ್ಟಿನ ಹತ್ತಿಯನ್ನು ಸುತ್ತಿ ಹಿಡಿಯಬೇಕು. ಆರನೆಯ ದಿನ ಹಾಸಿನ ಮೇಲೆ ಒಂದೂ ಚುಕ್ಕಿ ಇರಲಿಲ್ಲ. ಮಾವಶಿ ಅದನ್ನು ಕಿಟಕಿಗೆ ಹಿಡಿದು ಈ ಕಡೆ ಆ ಕಡೆ ತಿರುಗಿಸಿ ನೋಡಿ, ಮಡಚಿ ಇಟ್ಟರು. ನನಗೆ ಪರೀಕ್ಷೆ ಪಾಸಾದಂತಾಯಿತು.

ಪಡಸಾಲೆಯ ಮೇಜು ಹೋಯಿತು. ಹಾಸು ಇಡುತ್ತಿದ್ದ ಸಣ್ಣ ಕೋಣೆ ಖಾಲಿ ಮಾಡಿ ಕೊಟ್ಟರು. ಫ್ಯಾನು ಇಲ್ಲ. ಕಲಸುವಾಗ ಬಾಗಿಲು ಮುಚ್ಚಿರಬೇಕು, ಒಳಗೆ ಒಬ್ಬರೇ ಇರಬೇಕು, ಅಲ್ಲಿ ಚಹಾ ಕುಡಿಯಬಾರದು. ಬೇಸಿಗೆಯಲ್ಲಿ ಅದು ಭಟ್ಟಿಯಂತೆ ಕಾಯುತ್ತಿತ್ತು. ಆಪರೇಷನ್ನಿನ ಕೈಗವಸುಗಳನ್ನು ಆಗ ತೊಳೆದು, ಪೌಡರ್ ಹಾಕಿ, ಮತ್ತೆ ಮತ್ತೆ ಬಳಸುವ ಕಾಲ. ಈ ಕೆಲಸಕ್ಕೆ ಹಾಕಿದ ಜೋಡಿ ಮಾತ್ರ ತಿರುಗಿ ಬರಬಾರದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದರು. ಔಷಧದ ಸಿರಿಂಜುಗಳನ್ನು ಕುದಿಸುವುದೂ ನಿಂತಿತು. ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ಸಿರಿಂಜು ತರಿಸಿದರು.

ಗೌನು ಹೊಲಿಸಲು ನಾನೇ ಪೇಟೆಯ ಟೇಲರ್ ಹತ್ತಿರ ಹೋದೆ. ಮುಂದೆ ಗುಂಡಿ ಬೇಡ, ಬೆನ್ನ ಹಿಂದೆ ಕಟ್ಟುವ ಲಾಡಿ, ಮಣಿಕಟ್ಟಿಗೆ ಬಿಗಿಯಾದ ತೋಳು, ಕಿಸೆ ಬೇಡ ಎಂದೆ. ವಯಸ್ಸಾದ ಟೇಲರ್ ಟೇಪನ್ನು ಕೊರಳಿಗೆ ಹಾಕಿಕೊಂಡು ನನ್ನನ್ನೇ ನೋಡಿದರು.

“ನರ್ಸಬಾಯಾರ, ಇದು ಉಲ್ಟಾ ಅಂಗಿ ಆತಲ್ರಿ. ಉಟ್ಟವರು ತಮ್ಮ ಕೈಲೆ ಹೆಂಗ ಕಟ್ಟಿಗೋಬೇಕು?”

“ಇನ್ನೊಬ್ರು ಕಟ್ಟತಾರ್ರಿ.”

“ಹಂಗಾರ ಜೋಡಿಲೆ ಮಾಡೂ ಕೆಲಸ ಅನ್ರಿ,” ಎಂದು ಅಳತೆ ಬರೆದುಕೊಂಡರು. ಎರಡು ಗೌನು ಹೊಲಿದು ಕೊಟ್ಟರು, ಒಂದು ನನ್ನ ಅಳತೆಗೆ, ಒಂದು ಮಾವಶಿಯ ಅಳತೆಗೆ.

ಬಾಟಲಿಗಳ ವಿಷಯ ಹೇಳುವುದು ನನಗೆ ಕಷ್ಟವಾಯಿತು. ಗೆಳತಿಯ ಪತ್ರದಲ್ಲಿ ಖಾಲಿ ಬಾಟಲಿಯನ್ನೂ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಹೂಳಬೇಕೆಂದಿತ್ತು. ನಾನು ತಡವರಿಸುತ್ತ ಹೇಳಿದೆ. ಮಾವಶಿಯ ಮುಖ ಆ ಒಂದು ಸಲ ಮಾತ್ರ ಕಪ್ಪಿಟ್ಟಿದ್ದನ್ನು ನೋಡಿದೆ. ಮರುದಿನ ಅವರು ಸೆರಗಿನ ತುಂಬ ಬಾಟಲಿ ಕಟ್ಟಿಕೊಂಡು ಬಂದರು. ತಮ್ಮವಷ್ಟೇ ಅಲ್ಲ, ಓಣಿಯಲ್ಲಿ ಯಾರಿಗೆಲ್ಲ ಕೊಟ್ಟಿದ್ದರೋ ಅವರ ಮನೆಮನೆಗೂ ಹೋಗಿ ಕೇಳಿ ತಂದಿದ್ದರು. ಕೆಲವುಗಳಲ್ಲಿ ಇನ್ನೂ ಕುಂಕುಮ ಇತ್ತು. ನಾನೂ ದೇವರ ಗೂಡಿನಿಂದ ನನ್ನದನ್ನು ತಂದೆ. ಹಿತ್ತಲಲ್ಲಿ ಬಾವಿಯಿಂದ ದೂರ ಆಳವಾಗಿ ತೋಡಿಸಿ, ಸುಣ್ಣ ಹಾಕಿ ಎಲ್ಲವನ್ನೂ ಹೂತೆವು. “ಏನ ಅಂತ ಹೇಳಿ ಕೇಳಿದ್ರಿ ಮಾವಶಿ?” ಎಂದೆ. “ನಾ ಕೊಟ್ಟದ್ದು ತಪ್ಪಾತು, ವಾಪಸ್ ಕೊಡ್ರಿ ಅಂದ್ನಿ,” ಎಂದರು.

ಆದರೆ ಕೈಗವಸು ಹಾಕಿಕೊಳ್ಳಲು ಮಾತ್ರ ಅವರು ಒಪ್ಪಲಿಲ್ಲ. ಹಾಕಿಕೊಂಡಂತೆ ಮಾಡಿ, ನಾನು ಆಚೆ ಹೋದ ಕೂಡಲೇ ತೆಗೆದಿಡುತ್ತಿದ್ದರು. ಗದರಿದ್ದಕ್ಕೆ ಹೇಳಿದರು: “ಪೇಶಂಟಿಗೆ ಏನ ಅನಸತೈತ್ರಿ? ನನ್ನ ಮುಟ್ಟಾಕ ಇವರು ಹೇಸತಾರ ಅಂತ ಅನಸೂದಿಲ್ಲೇನು? ಕುರಿ ಕಾಯೂ ಮಂದಿ ನಾವು. ದೂರ ನಿಂದರ್ರಿ ಅನಿಸ್ಕೊಂಡದ್ದು ನನಗ ಗೊತ್ತೈತಿ.”

ಆ ಪ್ರಶ್ನೆಗೆ ಉತ್ತರ ಅವರಿಗೇ ಸಿಕ್ಕಿತು, ಅಥಣಿ ಅಕ್ಕನ ಮುಂದಿನ ಸರದಿಯಲ್ಲಿ.

ಅಂದು ನಾನು ಗೌನು, ಕೈಗವಸು ಹಾಕಿಕೊಂಡು ಇಂಜೆಕ್ಷನ್ ತಂದೆ. ನನ್ನ ಒತ್ತಾಯಕ್ಕೆ ಮಾವಶಿಯೂ ಹಾಕಿಕೊಂಡಿದ್ದರು. ಅಥಣಿ ಅಕ್ಕ ನಮ್ಮಿಬ್ಬರ ಕೈಗಳನ್ನು ನೋಡಿದರು. ಅವರ ಸೆರಗು ಹಿಡಿದಿದ್ದ ಬೆರಳು ಬಿಗಿಯಾದವು.

“ಹ್ವಾದ ಸರತಿ ಇದು ಇರಲಿಲ್ಲ,” ಎಂದರು ಮೆಲ್ಲಗೆ. “ನನ್ನ ರೋಗ ಅಂಟತೈತೇನ್ರಿ?”

ನಾನು ಪುಸ್ತಕದ ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಮಾವಶಿ ಒಂದು ಕೈಗವಸು ತೆಗೆದು, ಬರಿಗೈಯನ್ನು ಅವರ ಹಣೆಯ ಮೇಲಿಟ್ಟರು.

“ರೋಗ ಅಂಟೂದಿಲ್ಲವ್ವಾ, ಔಷಧ ಅಂಟತೈತಿ. ನಿಮಗ ಅದು ಬೇಕು, ನಮಗ ಬ್ಯಾಡ. ನಿಮ್ಮ ತ್ವಾಟದಾಗ ಬಳ್ಳಿಗೆ ಹೊಡಿಯೂದನ್ನ ಆಳ ಕುಡೀತಾರೇನು? ಹಂಗ ಇದು.”

ಅಕ್ಕ ಮಾವಶಿಯ ಕಡೆ ತಿರುಗಿದರು. “ನಿಮಗ ತ್ವಾಟದ ಕೆಲಸ ಗೊತ್ತೈತೇನು?”

“ಎಂಟ ವರ್ಷ ಮಾಡೇನಿ. ಗೊನಿ ಅದ್ದೇನಿ, ಗಂಧಕ ಹೊಡದೇನಿ. ಬರಿಗೈಲೇ.”

ದ್ರಾಕ್ಷಿ ಕಾಯಿ ದಪ್ಪವಾಗಲೆಂದು ಗೊಂಚಲನ್ನು ಔಷಧದ ನೀರಿನಲ್ಲಿ ಒಂದೊಂದಾಗಿ ಅದ್ದುವುದು ಆ ಕಡೆಯ ರೂಢಿ. ಅದನ್ನು ಮಾಡುವವರು ಹೆಂಗಸರು. ನಾನು ಸೂಜಿ ಚುಚ್ಚುವಾಗ ಅಕ್ಕ ಕಿಟಕಿಯ ಕಡೆ ನೋಡುತ್ತಿದ್ದರು. ಹೋಗುವಾಗ, “ನಮ್ಮಲ್ಲೂ ಬರಿಗೈಲೇ ಅದ್ದತಾರ. ನಾ ಎಂದೂ ಕೇಳೇ ಇಲ್ಲ,” ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ.

ಅಂದಿನಿಂದ ಮಾವಶಿಗೆ ಒಂದು ಪದ್ಧತಿಯಾಯಿತು. ಇಂಜೆಕ್ಷನ್ನಿಗೆ ಬಂದ ಪ್ರತಿಯೊಬ್ಬರ ಹಣೆಯನ್ನೂ ಮೊದಲು ಬರಿಗೈಯಿಂದ ಮುಟ್ಟುವುದು, ಆಮೇಲೆ ಅವರೆದುರಿಗೇ ಕೈಗವಸು ಹಾಕಿಕೊಳ್ಳುವುದು. ಮತ್ತೆ ಯಾರೂ ಆ ಪ್ರಶ್ನೆ ಕೇಳಲಿಲ್ಲ.

ಮರುವರ್ಷ ನಾನು ಮತ್ತೆ ಬಸಿರಾದೆ. ಗಂಡನಿಗಿಂತ ಮೊದಲು ಮಾವಶಿಗೆ ಗೊತ್ತಾಯಿತು. ನಾನು ಹೇಳಲಿಲ್ಲ, ಬೆಳಗಿನ ಚಹಾ ಬೇಡವೆಂದದ್ದಕ್ಕೇ ತಿಳಿದುಕೊಂಡರು. ಆ ಮಧ್ಯಾಹ್ನ ಕಲಸುವ ಕೋಣೆಯ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಡಾಕ್ಟರ ಮೇಜಿನ ಮೇಲಿಟ್ಟು ಬಂದರು. “ಸಿಸ್ಟರ್ ಇನ್ನ ಅಲ್ಲಿ ಹೋಗೂದಿಲ್ರಿ ಸಾಹೇಬ್ರ,” ಎಂದಷ್ಟೇ ಹೇಳಿದರಂತೆ. ಹೊಸ ನರ್ಸ್ ಸೇರಿ ಶಾಯಿಯ ಅಭ್ಯಾಸ ಮುಗಿಸುವ ತನಕ, ಎರಡು ತಿಂಗಳು, ಡಾಕ್ಟರೇ ಗೌನು ಹಾಕಿಕೊಂಡು ಕಲಸಿದರು. ಅವರ ಬೆನ್ನ ಲಾಡಿ ಕಟ್ಟುತ್ತಿದ್ದವರು ಮಾವಶಿ. ನಾನು ಕೆಳಗಿನ ಕೋಣೆಯಲ್ಲಿ ರಕ್ತದೊತ್ತಡ ನೋಡುತ್ತ ಕೂತಿರುತ್ತಿದ್ದೆ. ಮೆಟ್ಟಿಲ ಮೇಲೆ ಕಾಲಿಟ್ಟರೂ, “ಎಲ್ಲಿಗ್ರಿ?” ಎಂಬ ಧ್ವನಿ ಮೇಲಿನಿಂದ ಬರುತ್ತಿತ್ತು. ಚಿಕ್ಕೋಡಿಯಲ್ಲಿ, ನನ್ನ ಅಕ್ಕನ ಮನೆಯಲ್ಲಿ, ಮಗಳು ಹುಟ್ಟಿದಳು. ತಿಂಗಳು ತುಂಬಿ, ಅಳುತ್ತ, ಕೈಕಾಲು ಬಡಿಯುತ್ತ. ಮಾವಶಿ ಬಸ್ಸು ಹತ್ತಿ ಬಂದು, ಅವಳ ಹತ್ತೂ ಬೆರಳನ್ನು ಒಂದೊಂದಾಗಿ ಬಿಡಿಸಿ ನೋಡಿದರು.

ಆ ಕೋಣೆ ಆಮೇಲೆ ಆರೇಳು ವರ್ಷ ನಡೆಯಿತು. ಮಗಳು ಮೊಲೆಹಾಲು ಬಿಟ್ಟ ಮೇಲೆ ನಾನೂ ಮತ್ತೆ ಕಲಸತೊಡಗಿದೆ. ಆರು ತಿಂಗಳಿಗೊಮ್ಮೆ ನಮ್ಮೆಲ್ಲರ ರಕ್ತ ಪರೀಕ್ಷೆ ಮಾಡಿಸುತ್ತಿದ್ದರು. ಮಾವಶಿಯದು ಒಮ್ಮೆ ಸ್ವಲ್ಪ ಏರುಪೇರಾಗಿತ್ತು. ಕೆಲವು ತಿಂಗಳು ಆ ಕೆಲಸದಿಂದ ಬಿಡಿಸಿದ ಮೇಲೆ ಸರಿಹೋಯಿತು. ನಾವು ಎಷ್ಟು ಕಾಪಾಡಿಕೊಂಡೆವು, ಯಾವುದು ಸುಮ್ಮನೆ ದೈವದಿಂದ ತಪ್ಪಿತು, ಲೆಕ್ಕ ಹಾಕಲು ಬರುವುದಿಲ್ಲ. ನನ್ನ ವೃತ್ತಿಯಲ್ಲಿ ಅದಕ್ಕಿಂತ ಒಳ್ಳೆಯ ವರ್ಷಗಳು ಬರಲಿಲ್ಲ ಎನ್ನುವುದು ಮಾತ್ರ ಗೊತ್ತು. ಆ ಭಟ್ಟಿಯಂಥ ಕೋಣೆಯಿಂದ ಬೆವತು ಹೊರಬಂದಾಗ ಮಾವಶಿ ಒಂದು ತಂಬಿಗೆ ನೀರು ಹಿಡಿದು ನಿಂತಿರುತ್ತಿದ್ದರು. ಮೊದಲು ಕೈಗೆ ಸೋಪು, ಆಮೇಲೆ ನೀರು, ಕೊನೆಗೆ ಕುಡಿಯಲು. ಆ ಕ್ರಮವನ್ನು ಒಂದು ದಿನವೂ ಬದಲಿಸಲಿಲ್ಲ.

ಅಥಣಿ ಅಕ್ಕ ಇಂಜೆಕ್ಷನ್ನುಗಳನ್ನೆಲ್ಲ ಮುಗಿಸಿ, ಹೊಸ ಕೂದಲು ಬಂದ ತಲೆಯನ್ನು ನಮಗೆ ತೋರಿಸಿ ಹೋದರು. ಐದಾರು ವರ್ಷ ಗಟ್ಟಿಯಾಗಿದ್ದರು. ಆಮೇಲೆ ರೋಗ ಮರಳಿತು. ತೀರಿಕೊಂಡ ಸುದ್ದಿ ಅವರ ತಂಗಿಯಿಂದ ತಿಳಿಯಿತು. ನನ್ನ ಗಂಡನಿಗೆ ಆಗಷ್ಟೇ ರಾಯಬಾಗಕ್ಕೆ ವರ್ಗವಾಗಿತ್ತು, ನಾನು ನಿಪ್ಪಾಣಿ ಬಿಡುವವಳಿದ್ದೆ. ಹೋಗುವ ಮೊದಲು ಅವರ ಮನೆಗೊಮ್ಮೆ ಹೋಗಿಬರೋಣ ಎಂದರು ಮಾವಶಿ.

ಒಂದು ಚಳಿಗಾಲದ ಬೆಳಿಗ್ಗೆ ಇಬ್ಬರೂ ಹೋದೆವು. ಅಥಣಿ ಅಕ್ಕನ ಗಂಡ ನಮ್ಮನ್ನು ಪಡಸಾಲೆಯಲ್ಲಿ ಕೂರಿಸಿ, ಚಹಾ ಕೊಡಿಸಿದರು. ಆಮೇಲೆ, “ಬರ್ರಿ, ತ್ವಾಟ ನೋಡಬರ್ರಿ,” ಎಂದು ಎದ್ದರು. ಚಪ್ಪರದ ಕೆಳಗೆ ಹತ್ತು ಹದಿನೈದು ಹೆಂಗಸರು ಗೊಂಚಲು ಅದ್ದುತ್ತಿದ್ದರು. ಎಲ್ಲರ ಕೈಯಲ್ಲೂ ಮೊಣಕೈವರೆಗಿನ ರಬ್ಬರ್ ಕೈಗವಸು.

“ಆಕಿ ಮಾಡಿದ್ದು,” ಎಂದರು ಅವರು. “ದವಾಖಾನಿಂದ ಬಂದಾಕಿನ ಹಟಾ ಹಿಡದ್ಲು. ಮಂದಿ ನಕ್ರು. ನಾನೂ ನಕ್ಕಿದ್ದೆ.”

ಮಾವಶಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಪ್ಪರದೊಳಗೆ ನಡೆದರು. ಕೈಗವಸು ತೆಗೆಯುತ್ತಿದ್ದ ಹೆಂಗಸೊಬ್ಬಳ ಹತ್ತಿರ ನಿಂತು, “ಹಂಗ ಅಲ್ಲ ತಂಗಿ, ಹೊರಗಿಂದು ನಿನ್ನ ಕೈಗೆ ಹತ್ತತೈತಿ,” ಎಂದರು. ಮಣಿಕಟ್ಟಿನ ಹತ್ತಿರ ಹಿಡಿದು, ಒಳಗಿನದು ಹೊರಗಾಗುವಂತೆ ಹೇಗೆ ಎಳೆಯಬೇಕೆಂದು ತೋರಿಸಿದರು. ಉಳಿದವರೂ ಕೆಲಸ ಬಿಟ್ಟು ಸುತ್ತ ಸೇರಿದರು. ಮಾವಶಿ ಪ್ರತಿಯೊಬ್ಬರಿಂದಲೂ ಒಂದೊಂದು ಸಲ ಮಾಡಿಸಿ ನೋಡಿದರು, ತಪ್ಪಿದವರಿಂದ ಎರಡು ಸಲ. ಅಕ್ಕನ ಗಂಡ ಬದುವಿನ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಚಿಕ್ಕೋಡಿಯ ಮೇಲೆ ನಿಪ್ಪಾಣಿಗೆ ಹೋಗುವ ಮಧ್ಯಾಹ್ನದ ಬಸ್ಸು ಅಂದು ನಮಗೆ ತಪ್ಪಿತು. ಆ ಹೆಂಗಸರು ಕೈ ತೊಳೆದು ಬುತ್ತಿ ಬಿಚ್ಚಿ, ನಮಗೂ ಜಾಗ ಮಾಡಿಕೊಟ್ಟರು.